ಫೆಬ್ರವರಿ 20 ಯಾರ ಕಡೆ ಸೇರುತ್ತೆ: ಒಂದು ಈಮೇಲ್ ಸಾಲಿನ ಪ್ರಕರಣ

ಈ ಕೇಸನ್ನ ಪೂರ್ತಿ ಬರೆದಿಡ್ಬೇಕು ಅಂತ ಮಾರ್ಚಿಂದ ಅಂದ್ಕೊಳ್ತಾನೇ ಇದ್ದೆ, ಪರೀಕ್ಷೆ ಪೇಪರ್ ತಿದ್ದೋದು ಅದು ಇದು ಅಂತ ಆಗ್ಲಿಲ್ಲ. ನಾನು ಚಿಕ್ಕಮಗಳೂರಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡ್ತೀನಿ, ನಮ್ಮ ಸೋದರಮಾವನ ಮಗ, ಅಂದ್ರೆ ನನ್ನ ಭಾವ, ಆಲ್ದೂರು ಕಡೆ ಕಾಫಿ ತೋಟ ನೋಡ್ಕೊಳ್ತಾರೆ. 14 ಎಕರೆ, ಹೆಚ್ಚಿನಂಶ ಅರೇಬಿಕಾ, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದಾರೆ. ಈ ಪ್ರಕರಣ ನಡೆದಿದ್ದು ಅವರು ಬರೆದ ಒಂದೇ ಒಂದು ಇಂಗ್ಲಿಷ್ ಸಾಲಿನಿಂದ.

ಸಾಲು ಇದು: "ಐ ಟೋಲ್ಡ್ ಯುವರ್ ಏಜೆಂಟ್ ಆನ್ 20 ಫೆಬ್ರವರಿ ದಿ ಲಾಟ್ ವಿಲ್ ಬಿ ರೆಡಿ ಫಾರ್ ಲಿಫ್ಟಿಂಗ್."

ಲಾಟ್ ಅಂದ್ರೆ ಒಟ್ಟಿಗೆ ಮಾರೋ ಕಾಫಿ, ಲಿಫ್ಟಿಂಗ್ ಅಂದ್ರೆ ಅದನ್ನ ಲಾರಿಗೆ ಎತ್ತೋದು. ನಿಮಗೆ ಹೇಗೆ ಕೇಳ್ಸುತ್ತೆ ಒಂದ್ಸಲ ಓದ್ಕೊಳ್ಳಿ. ಭಾವನ ಮನಸ್ಸಲ್ಲಿ ಇದ್ದಿದ್ದು "ಫೆಬ್ರವರಿ 20ಕ್ಕೆ ಲಾಟ್ ರೆಡಿ ಇರುತ್ತೆ ಅಂತ ನಿಮ್ಮ ಏಜೆಂಟ್‌ಗೆ ಹೇಳಿದ್ದೆ". ಆ ಕಡೆ ಓದಿದೋರಿಗೆ ಸಿಕ್ಕಿದ್ದು "ಲಾಟ್ ರೆಡಿ ಆಗುತ್ತೆ ಅಂತ ನಿಮ್ಮ ಏಜೆಂಟ್‌ಗೆ ಫೆಬ್ರವರಿ 20ಕ್ಕೆ ಹೇಳಿದೆ". ತಾರೀಕು ಅದೇ, ಪದಗಳೂ ಅವೇ, ಆದ್ರೆ ಒಂದ್ರಲ್ಲಿ ಅದು ಕಾಫಿ ರೆಡಿ ಆಗೋ ತಾರೀಕು, ಇನ್ನೊಂದ್ರಲ್ಲಿ ಬಾಯಿ ಬಿಟ್ಟು ಹೇಳಿದ ತಾರೀಕು.

ಹಿನ್ನೆಲೆ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಇದ್ರಲ್ಲಿ ಅಷ್ಟೊಂದು ಏನಿದೆ ಅನ್ಸುತ್ತೆ. ಹೊರದೇಶದ ಒಂದು ಕಾಫಿ ಕಂಪನಿ ಭಾವನ ಹತ್ರ 60 ಚೀಲ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗ್ಸಿದ, ಒಳಸಿಪ್ಪೆ ಇನ್ನೂ ಇರೋ ಕಾಫಿ ಬೀಜ) ತಗೊಳ್ಳೋಕೆ ಒಪ್ಕೊಂಡಿತ್ತು, ಚೀಲಕ್ಕೆ 50 ಕೆಜಿ, ಒಟ್ಟು 3,000 ಕೆಜಿ. ಅವರ ಪರವಾಗಿ ಇಲ್ಲಿ ಕಾಫಿ ನೋಡಿ, ಲಾರಿ ಕಳಿಸಿ, ಹಾಸನದ ಕ್ಯೂರಿಂಗ್‌ಗೆ (ಒಳಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಡೆಗೆ) ಹಾಕ್ಸೋದು ಒಬ್ಬರು ಏಜೆಂಟ್, ಸಕಲೇಶಪುರದ ಕಡೆಯವರು, ಭಾವನಿಗೆ ಎಂಟು ವರ್ಷದ ಪರಿಚಯ. ಮಾರ್ಕೆಟ್ ರೇಟಿನ ಮೇಲೆ ಕೆಜಿಗೆ 10 ರೂಪಾಯಿ ಪ್ರೀಮಿಯಂ ಅಂತ ಮಾತಾಗಿತ್ತು. ಅಗ್ರಿಮೆಂಟಲ್ಲಿ ಒಂದು ಷರತ್ತು: ಲಾಟ್ ಇಂಥ ದಿನ ರೆಡಿ ಇರುತ್ತೆ ಅಂತ ಬೆಳೆಗಾರರು ಕಮ್ಮಿ ಅಂದ್ರೆ 15 ದಿನ ಮುಂಚೆ ತಿಳಿಸ್ಬೇಕು, ತಿಳಿಸಿದ್ರೆ ಆ ದಿನದಿಂದ ಏಳು ದಿನದೊಳಗೆ ಲಾರಿ ಬರ್ಬೇಕು, ತಿಳಿಸ್ದೇ ಹೋದ್ರೆ ಪ್ರೀಮಿಯಂ ಇಲ್ಲ. 3,000 ಕೆಜಿಗೆ 30,000 ರೂಪಾಯಿ. ದೊಡ್ಡ ಎಸ್ಟೇಟಿನವರಿಗೆ ಇದು ಏನೂ ಅಲ್ಲದೇ ಇರ್ಬಹುದು, 14 ಎಕರೆಯವರಿಗೆ ಹಣ್ಣು ಕುಯ್ದ ಆಳಿನ ಬಟವಾಡೆಯಲ್ಲಿ ಒಂದು ವಾರದ್ದು.

ಭಾವ ಜನವರಿ 28ಕ್ಕೆ ಏಜೆಂಟ್‌ಗೆ ಫೋನ್ ಮಾಡಿ ಹೇಳಿದ್ರು, ಫೆಬ್ರವರಿ 20ಕ್ಕೆ ರೆಡಿ ಅಂತ. 23 ದಿನ ಮುಂಚೆ, ಷರತ್ತಿಗೆ ಬೇಕಾದ್ದಕ್ಕಿಂತ ಎಂಟು ದಿನ ಜಾಸ್ತೀನೇ. ಹೇಳಿದ ಹಾಗೇ ಕಣದಲ್ಲಿ ಒಣಗ್ಸಿ, ತೇವಾಂಶ 10 ಪರ್ಸೆಂಟಿಗೆ ಇಳಿಸಿ, ಗೋಣಿಗೆ ತುಂಬಿ ಹಲಗೆ ಮೇಲೆ ಜೋಡಿಸಿಟ್ಟಿದ್ರು. ಲಾರಿ ಬರ್ಲಿಲ್ಲ. 27 ದಾಟ್ತು. ಮಾರ್ಚ್ ಅಂದ್ರೆ ಗೊತ್ತಲ್ಲ, ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬೇಕಾದ್ರೂ ಬೀಳ್ಬಹುದು, ಗಾಳೀಲಿ ಪಸೆ ಬಂದ್ರೆ ಪಾರ್ಚ್‌ಮೆಂಟ್ ಮತ್ತೆ ತೇವ ಎಳ್ಕೊಳ್ಳುತ್ತೆ, ಹೂ ಬೇಕು ಮಳೆ ಬರ್ಲಿ ಅಂತಾನೂ ಅನ್ಸುತ್ತೆ, ಚೀಲ ಹೋಗೋವರೆಗೂ ಬೇಡ ಅಂತಾನೂ ಅನ್ಸುತ್ತೆ. ಏಜೆಂಟ್ ಫೋನಿಗೆ ಸಿಗ್ತಾ ಇರ್ಲಿಲ್ಲ. ಮಾರ್ಚ್ 2ಕ್ಕೆ ಭಾವ ನೇರ ಕಂಪನಿಗೇ ಮೇಲ್ ಹಾಕಿದ್ರು, ಮೇಲಿನ ಸಾಲು ಅದ್ರಲ್ಲಿತ್ತು.

ಮಾರ್ಚ್ 4ಕ್ಕೆ ಉತ್ತರ ಬಂತು, ತುಂಬ ಸೌಜನ್ಯವಾಗೇ. ನೀವು ಫೆಬ್ರವರಿ 20ಕ್ಕೆ ತಿಳಿಸಿದ್ದೀರಿ ಅಂತ ಬರೆದಿದ್ದೀರಿ, ಹಾಗಾದ್ರೆ 15 ದಿನ ಮುಗಿಯೋದು ಮಾರ್ಚ್ 7ಕ್ಕೆ, ನಮ್ಮ ಕಡೆಯಿಂದ ತಡ ಆಗಿಲ್ಲ. ಅಷ್ಟೇ ಅಲ್ಲ, ನಮ್ಮ ಏಜೆಂಟನ್ನ ಕೇಳಿದ್ವಿ, ಫೆಬ್ರವರಿ 20ಕ್ಕೆ ನಿಮ್ಮಿಂದ ಯಾವ ಫೋನೂ ಬಂದಿಲ್ಲ ಅಂತಾರೆ, ಹಾಗಾಗಿ ನೋಟಿಸ್ ಕೊಟ್ಟಿದ್ದು ಯಾವಾಗ ಅಂತ ದಯವಿಟ್ಟು ಸ್ಪಷ್ಟ ಮಾಡಿ.

ಭಾವ ಅವತ್ತು ಸಂಜೆ ನಮ್ಮನೆಗೆ ಬಂದ್ರು. ಮುಖ ಕೆಂಪಗೆ ಮಾಡ್ಕೊಂಡು, ಮೊಬೈಲ್ ನನ್ನ ಕೈಗೆ ಕೊಟ್ಟು, "ನೋಡು ಮಾರಾಯ್ತಿ, ಎಂಟು ವರ್ಷದ ಸ್ನೇಹ, ಫೋನೇ ಬಂದಿಲ್ಲ ಅಂದ್ಬಿಟ್ರಲ್ಲ ಮನುಷ್ಯ" ಅಂದ್ರು. ನಾನು ಮೊದ್ಲು ಉತ್ತರ ಓದಿದೆ, ಆಮೇಲೆ ಭಾವ ಬರೆದಿದ್ದನ್ನ ಓದಿದೆ. ಎರಡ್ನೇ ಸಲ ಓದಿದಾಗ "ಟೋಲ್ಡ್ ಯುವರ್ ಏಜೆಂಟ್ ಆನ್ 20 ಫೆಬ್ರವರಿ" ಅನ್ನೋ ಹತ್ರ ಕಣ್ಣು ನಿಂತ್ಕೊಳ್ತು.

"ಭಾವ, ನೀವು ಅವರಿಗೆ ಹೇಳಿದ್ದು ಯಾವತ್ತು?"

"ಜನವರಿ 28. ಗಣರಾಜ್ಯೋತ್ಸವ ಆಗಿ ಎರಡು ದಿನಕ್ಕೆ."

"ಇಲ್ಲಿ 20ಕ್ಕೆ ಹೇಳಿದೆ ಅಂತ ಬರೆದಿದ್ದೀರಲ್ಲ."

"ಎಲ್ಲಿ ಬರೆದಿದೀನಿ? 20ಕ್ಕೆ ರೆಡಿ ಅಂತ ಹೇಳಿದೆ ಅಂತಲ್ವಾ ಇರೋದು?"

ಇಬ್ರೂ ಒಂದೇ ಸಾಲಿಗೆ ಬೆರಳಿಟ್ಕೊಂಡು ಕೂತಿದ್ವಿ, ನಾನು ಒಂದು ಅರ್ಥ ಓದ್ತಿದ್ದೆ ಅವರು ಇನ್ನೊಂದು ಓದ್ತಿದ್ರು, ಇಬ್ರದ್ದೂ ವ್ಯಾಕರಣದ ಪ್ರಕಾರ ಸರಿ.

ಈಗ ಆ ಸಾಲನ್ನ ಬಿಡಿಸಿ ನೋಡೋಣ. ಇಂಗ್ಲಿಷಲ್ಲಿ ಸೇ, ಟೆಲ್, ಥಿಂಕ್, ನೋ ತರದ ಕ್ರಿಯಾಪದದ ಮುಂದೆ ಒಂದು ಒಳವಾಕ್ಯ ಬರುತ್ತೆ, ಆ ಒಳವಾಕ್ಯಕ್ಕೆ ಬಾಗಿಲು ಇದ್ದಂಗೆ "ದಟ್". ಆ ಬಾಗಿಲನ್ನ ಬಿಟ್ಟು ಬರೆದ್ರೂ ನಡೆಯುತ್ತೆ: "ಐ ಟೋಲ್ಡ್ ಹಿಮ್ ದಿ ಲಾಟ್ ವಾಸ್ ರೆಡಿ". ಇಲ್ಲಿ ತೊಂದ್ರೆ ಇಲ್ಲ, ಯಾಕಂದ್ರೆ "ಹಿಮ್" ಆದ ಮೇಲೆ "ದಿ ಲಾಟ್" ಬಂದ ತಕ್ಷಣ ಹೊಸ ಕರ್ತೃ ಬಂತು, ಒಳವಾಕ್ಯ ಶುರುವಾಯ್ತು ಅಂತ ಓದುಗರಿಗೆ ತಾನಾಗೇ ಗೊತ್ತಾಗುತ್ತೆ. ಆದ್ರೆ ಒಳವಾಕ್ಯ ಕರ್ತೃವಿನಿಂದ ಶುರುವಾಗ್ದೆ "ಆನ್ 20 ಫೆಬ್ರವರಿ", "ಇನ್ ಮಾರ್ಚ್", "ಆಫ್ಟರ್ ದಿ ಮೀಟಿಂಗ್" ತರದ ಪ್ರಿಪೊಸಿಷನ್ ಫ್ರೇಸಿನಿಂದ ಶುರುವಾದ್ರೆ ಕಥೆ ಬೇರೆ. ಅಂಥ ಫ್ರೇಸ್ ಹಿಂದಿನ ಕ್ರಿಯಾಪದಕ್ಕೂ ಅಂಟ್ಕೊಳ್ಳುತ್ತೆ, ಮುಂದಿನ ಕ್ರಿಯಾಪದಕ್ಕೂ ಅಂಟ್ಕೊಳ್ಳುತ್ತೆ. ಓದೋರು ಎಡದಿಂದ ಬಲಕ್ಕೆ ಬರ್ತಾ ಇರ್ತಾರೆ, ಕೈಲಿ ಆಗ್ಲೇ "ಟೋಲ್ಡ್" ಇದೆ, ತಾರೀಕು ಸಿಕ್ಕಿದ ಕೂಡ್ಲೇ ಅದಕ್ಕೇ ಕಟ್ಟಿಬಿಡ್ತಾರೆ. ಮುಂದೆ ಇನ್ನೊಂದು ಕ್ರಿಯಾಪದ ಬರುತ್ತೆ ಅಂತ ಅವರು ಕಾಯೋದಿಲ್ಲ, ಕಾಯ್ಬೇಕಾಗೂ ಇಲ್ಲ.

ಭಾವನ ಸಾಲಲ್ಲಿ ಇನ್ನೂ ಒಂದು ಇತ್ತು, ಇದು ನನಗೆ ರಾತ್ರಿ ಊಟ ಮಾಡ್ತಾ ಹೊಳೀತು. ಅವರು ಬರೆದಿದ್ದು "ವಿಲ್ ಬಿ ರೆಡಿ", "ವುಡ್ ಬಿ ರೆಡಿ" ಅಲ್ಲ. ಮೇಲ್ ಹೋಗಿದ್ದು ಮಾರ್ಚ್ 2ಕ್ಕೆ. ಮಾರ್ಚ್ 2ಕ್ಕೆ ಕೂತು "ಫೆಬ್ರವರಿ 20ಕ್ಕೆ ವಿಲ್ ಬಿ" ಅಂತ ಯಾರೂ ಹೇಳಲ್ಲ, ಆ ತಾರೀಕು ಆಗ್ಲೇ ಕಳ್ದೋಗಿದೆ. ಹಾಗಾಗಿ ಓದಿದವರಿಗೆ ತಾರೀಕನ್ನ "ವಿಲ್ ಬಿ ರೆಡಿ" ಜೊತೆ ಸೇರ್ಸೋಕೆ ದಾರೀನೇ ಇರ್ಲಿಲ್ಲ, "ಟೋಲ್ಡ್" ಜೊತೆ ಸೇರ್ಸಿದ್ರೆ ಮಾತ್ರ ಸಾಲು ಸರಿಯಾಗಿ ಕೂರುತ್ತೆ. ಅವರು ನಮ್ಮನ್ನ ಸಿಕ್ಕಿಸೋಕೆ ಹಾಗೆ ಓದಿದ್ದಲ್ಲ, ಇಂಗ್ಲಿಷ್ ಗೊತ್ತಿರೋ ಯಾರೇ ಓದಿದ್ರೂ ಹಾಗೇ ಓದ್ತಿದ್ರು. ಇದನ್ನ ಭಾವನಿಗೆ ಹೇಳಿ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯ್ತು.

ಹಾಗಾದ್ರೆ ಭಾವನಿಗೆ ಯಾಕೆ ಕಾಣ್ಲಿಲ್ಲ? ಅವರಿಗೆ ಇಂಗ್ಲಿಷ್ ಬರಲ್ಲ ಅಂತಲ್ಲ, ಬಿಕಾಂ ಓದಿದೋರು. ಅವರು ಯೋಚಿಸಿದ್ದು ಕನ್ನಡದಲ್ಲಿ, ಕನ್ನಡದಲ್ಲಿ ಒಳವಾಕ್ಯದ ಬಾಗಿಲು ಹಿಂದ್ಗಡೆ ಇರುತ್ತೆ. "ಫೆಬ್ರವರಿ 20ಕ್ಕೆ ಲಾಟ್ ರೆಡಿ ಇರುತ್ತೆ ಅಂತ ಹೇಳಿದೆ." ಎಲ್ಲಾ ಹೇಳಿ ಮುಗಿಸಿ ಕೊನೇಲಿ "ಅಂತ" ಹಾಕ್ತೀವಿ, ಅದು ಅಲ್ಲೀವರೆಗಿನದನ್ನೆಲ್ಲ ಒಂದು ಗಂಟಾಗಿ ಕಟ್ಟಿಬಿಡುತ್ತೆ. ಬರಹದಲ್ಲಿ "ಎಂದು", ಅದು "ಎನ್" ಅನ್ನೋ ಧಾತುವಿನ ರೂಪ, ಅಂದ್ರೆ ಹೇಳಿ ಆದ ಮೇಲೆ ಬರೋ ಮಾತು, ಹಿಂದಕ್ಕೆ ಬೆರಳು ತೋರಿಸೋದು. ಇಂಗ್ಲಿಷಿನ "ದಟ್" ಮೂಲದಲ್ಲಿ "ಅದು" ಅನ್ನೋ ಪದವೇ, ಮುಂದಕ್ಕೆ ಬೆರಳು ತೋರಿಸುತ್ತೆ: ಹೇಳಿದ್ದು ಅದು, ಏನು ಅಂದ್ರೆ ಹೀಗೆ ಹೀಗೆ. ನಾವು "ಅಂತ"ವನ್ನ ಯಾವತ್ತೂ ಬಿಡಲ್ಲ, ಬಿಟ್ರೆ ವಾಕ್ಯಾನೇ ನಿಲ್ಲಲ್ಲ. ಇಂಗ್ಲಿಷಿಗೆ ಹೋದಾಗ "ದಟ್ ಬಿಟ್ರೂ ನಡೆಯುತ್ತೆ" ಅಂತ ಸ್ಕೂಲಲ್ಲಿ ಕಲ್ತಿರ್ತೀವಿ, ಬಿಟ್ಟುಬಿಡ್ತೀವಿ, ಮನಸ್ಸಲ್ಲಿ ಮಾತ್ರ ಆ ಗಂಟು ಹಾಗೇ ಇರುತ್ತೆ, ಬರೆದೋರಿಗೆ ಅದು ಕಾಣುತ್ತೆ, ಓದೋರಿಗೆ ಕಾಣಲ್ಲ. ದಟ್ ಬಿಟ್ರೂ ನಡೆಯುತ್ತೆ ಅಂತ ನಾನೂ ಎಷ್ಟೋ ವರ್ಷ ಕ್ಲಾಸಲ್ಲಿ ಹೇಳಿದೀನಿ, ಯಾವಾಗ ನಡೆಯಲ್ಲ ಅಂತ ಹೇಳಿರ್ಲಿಲ್ಲ. ಅದಕ್ಕೆ ನನಗೆ ನಿಜವಾಗ್ಲೂ ಬೇಜಾರಿದೆ.

ಒಂದು ವಿಷಯ ಮಾತ್ರ ನನಗೆ ತುಂಬ ಇಷ್ಟ ಆಯ್ತು, ಭಾವನಿಗೆ ಅರ್ಥ ಮಾಡಿಸೋಕೆ ಕೂತಾಗ ಸಿಕ್ಕಿದ್ದು. ಕನ್ನಡದಲ್ಲಿ "ಸೋಮವಾರ ಬರ್ತೀನಿ ಅಂತ ಹೇಳಿದ್ರು" ಅಂದ್ರೆ ಸೋಮವಾರ ಬರೋದು. "ಬರ್ತೀನಿ ಅಂತ ಸೋಮವಾರ ಹೇಳಿದ್ರು" ಅಂದ್ರೆ ಸೋಮವಾರ ಹೇಳಿದ್ದು. ಅಂದ್ರೆ "ಅಂತ"ಕ್ಕೂ "ಹೇಳಿದ್ರು"ಗೂ ಮಧ್ಯ ಏನಿಟ್ರೂ ಅದು ಹೇಳಿದ್ದಕ್ಕೆ ಸೇರುತ್ತೆ. ಇಂಗ್ಲಿಷಲ್ಲೂ ಅದೇ, ಕನ್ನಡಿಯಲ್ಲಿ ನೋಡಿದಂಗೆ ತಿರುಗಿರುತ್ತೆ ಅಷ್ಟೇ: "ಟೋಲ್ಡ್"ಗೂ "ದಟ್"ಗೂ ಮಧ್ಯ ಇರೋದು ಟೋಲ್ಡ್‌ಗೆ ಸೇರುತ್ತೆ, "ದಟ್" ದಾಟಿದ್ದು ಒಳವಾಕ್ಯಕ್ಕೆ ಸೇರುತ್ತೆ. "ಟೋಲ್ಡ್ ಹಿಮ್ ಆನ್ ಮಂಡೇ ದಟ್" ಅಂದ್ರೆ ಹೇಳಿದ್ದು ಸೋಮವಾರ, "ಟೋಲ್ಡ್ ಹಿಮ್ ದಟ್ ಆನ್ ಮಂಡೇ" ಅಂದ್ರೆ ಆಗೋದು ಸೋಮವಾರ. ಭಾವ ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದು, "ಬೇಲಿ ಯಾವ ಕಡೆಗಿದೆ ನೋಡ್ಬೇಕು, ಅಷ್ಟೇ ಅಲ್ವಾ" ಅಂದ್ರು. ಅಷ್ಟೇ.

ಪತ್ರಿಕೆಯವರಿಗೆ ಇದು ಹಳೇ ಸಮಸ್ಯೆ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಸ್ಟೈಲ್‌ಬುಕ್ಕಲ್ಲಿ, ಸಾಮಾನ್ಯವಾಗಿ ದಟ್ ಬಿಡಬಹುದು, ಆದ್ರೆ ಕ್ರಿಯಾಪದಕ್ಕೂ ಒಳವಾಕ್ಯಕ್ಕೂ ಮಧ್ಯ ವಾರ, ತಾರೀಕು ತರದ ಕಾಲದ ಮಾತು ಬಂದ್ರೆ ಹಾಕಿ ಅಂತ ಇದೆ. ಸುದ್ದಿಯಲ್ಲಿ ಮಂತ್ರಿಗಳು ಶುಕ್ರವಾರ ಹೇಳಿದ್ರೋ ಶುಕ್ರವಾರ ರಾಜೀನಾಮೆ ಕೊಡ್ತೀನಿ ಅಂದ್ರೋ ಅನ್ನೋದು ಸಣ್ಣ ವ್ಯತ್ಯಾಸ ಅಲ್ವಲ್ಲ.

ಉತ್ತರ ಬರೆಯೋಕೆ ಕೂತ್ವಿ. ಭಾವನ ಮಗ ಇಂಜಿನಿಯರಿಂಗ್ ಓದ್ತಿದಾನೆ, ರಜೆಗೆ ಬಂದಿದ್ದ, ಅವನೇ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿದ. ಅವನ ಮೊದಲ ಪ್ರಯತ್ನ: "ಮೈ ಫಾದರ್ ಟೋಲ್ಡ್ ಯುವರ್ ಏಜೆಂಟ್ ದಟ್ ಆನ್ 20 ಫೆಬ್ರವರಿ, ಆಫ್ಟರ್ ಡ್ರೈಯಿಂಗ್ ಅಂಡ್ ಬ್ಯಾಗಿಂಗ್, ದಟ್ ದಿ ಲಾಟ್ ವುಡ್ ಬಿ ರೆಡಿ." ದಟ್ ಎರಡು ಸಲ ಬಂದಿತ್ತು. ಇದು ದಡ್ಡತನ ಅಲ್ಲ, ಇಂಗ್ಲಿಷ್ ಮನೆಮಾತಿನವರೂ ಮಾತಾಡುವಾಗ ಹೀಗೆ ಮಾಡ್ತಾರೆ, ಮಧ್ಯದ ಫ್ರೇಸ್ ಉದ್ದ ಆದಷ್ಟೂ ಬಾಗಿಲು ಹಾಕಿದ್ದು ಮರ್ತು ಮತ್ತೊಂದ್ಸಲ ಹಾಕ್ತಾರೆ, ಹಳೇ ಕಾಲದ ಇಂಗ್ಲಿಷ್ ಬರಹದಲ್ಲೂ ಸಿಗುತ್ತೆ. ಆದ್ರೆ ಇವತ್ತಿನ ಪತ್ರದಲ್ಲಿ ತಪ್ಪು ಅಂತಲೇ ಕಾಣುತ್ತೆ, ಎರಡನೇದನ್ನ ತೆಗೆಸಿದೆ.

ತೆಗೆದ ಮೇಲೆ ಅವನು ದಟ್ ಆದ ಕೂಡ್ಲೇ ಒಂದು ಕಾಮಾ ಹಾಕಿದ. ಯಾಕೋ ಅಂದ್ರೆ "ಅಲ್ಲಿ ಉಸಿರು ತಗೋತೀವಲ್ಲ ಅತ್ತೆ" ಅಂದ. ದಟ್ ಮುಂದೆ ಒಂಟಿ ಕಾಮಾ ನಿಲ್ಲಲ್ಲ. ಫ್ರೇಸಿನ ಎರಡೂ ಕಡೆ ಹಾಕ್ಬಹುದು, ಇಲ್ಲಾ ಫ್ರೇಸ್ ಮುಗಿದ ಮೇಲೆ ಒಂದೇ ಹಾಕ್ಬಹುದು, ಚಿಕ್ಕ ಫ್ರೇಸಿಗೆ ಏನೂ ಬೇಡ. ನನಗೆ ಏನೂ ಹಾಕ್ದೇ ಇರೋದೇ ಇಷ್ಟ. ಒಂದು ಕಡೆ ಮಾತ್ರ ಹಾಕ್ಲೇಬೇಕಾಯ್ತು. ಅವನು "ದಿ ಲಾಟ್" ಬದ್ಲು ಚೀಲದ ಲೆಕ್ಕಾನೇ ಬರೆಯೋಣ ಅಂದ, ಆಗ ಸಾಲು "ದಟ್ ಆನ್ 20 ಫೆಬ್ರವರಿ 60 ಬ್ಯಾಗ್ಸ್ ವುಡ್ ಬಿ ರೆಡಿ" ಅಂತಾಯ್ತು. ತಾರೀಕಿನ ಬೆನ್ನಿಗೇ 60, ಓದುವಾಗ ಎರಡು ನಂಬರ್ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತೆ. ಅಲ್ಲಿ ಫೆಬ್ರವರಿ ಆದ ಮೇಲೆ ಕಾಮಾ ಬೇಕೇ ಬೇಕು. ಕೊನೆಗೆ ಲಾಟ್ ಅಂತಲೇ ಇಟ್ವಿ.

"ಇಷ್ಟೆಲ್ಲ ಯಾಕೆ, ತಾರೀಕನ್ನ ಕೊನೆಗೆ ಹಾಕಿದ್ರಾಯ್ತಲ್ಲ" ಅಂದ್ರು ಭಾವ. ಒಳ್ಳೇ ಪ್ರಶ್ನೆ, ಎಷ್ಟೋ ಸಲ ಅದೇ ಸುಲಭದ ದಾರಿ. ಹಾಕಿ ನೋಡಿದ್ವಿ: "ದಟ್ ದಿ ಲಾಟ್ ವುಡ್ ಬಿ ರೆಡಿ ಫಾರ್ ಲಿಫ್ಟಿಂಗ್ ಆನ್ 20 ಫೆಬ್ರವರಿ". ಈಗ ತಾರೀಕು "ಲಿಫ್ಟಿಂಗ್" ಪಕ್ಕ ಹೋಗಿ ಕೂತ್ಕೊಳ್ತು. ರೆಡಿ ಆಗೋದು 20ಕ್ಕೋ, ಲಾರಿಗೆ ಎತ್ತೋದು 20ಕ್ಕೋ? ಅಗ್ರಿಮೆಂಟಿನ ಪ್ರಕಾರ ಎತ್ತೋದಕ್ಕೆ ರೆಡಿ ಆದ ದಿನದಿಂದ ಏಳು ದಿನ ಟೈಮಿದೆ, ಎರಡೂ ಒಂದೇ ಅಲ್ಲ. ಒಂದು ಗೊಂದಲ ಬಿಡಿಸೋಕೆ ಹೋಗಿ ಇನ್ನೊಂದು ಕಳಿಸಿದಂಗೆ ಆಗ್ತಿತ್ತು. ದಟ್ ಆದ ತಕ್ಷಣ ತಾರೀಕು ಇಟ್ರೆ ಅದು ಹಿಂದಕ್ಕೆ ಹೋಗೋಕೂ ಆಗಲ್ಲ, ಮುಂದೆ ಲಿಫ್ಟಿಂಗ್‌ಗೆ ಜಾರೋಕೂ ಆಗಲ್ಲ, ಒಳವಾಕ್ಯದ ಮುಖ್ಯ ಕ್ರಿಯಾಪದಕ್ಕೇ ನಿಲ್ಲುತ್ತೆ. ಷರತ್ತು ಇರೋದೇ ತಾರೀಕಿನ ಬಗ್ಗೆ, ಅದು ಮೊದ್ಲು ಕಾಣೋದೂ ಒಳ್ಳೇದೇ.

ಕೊನೆಗೆ ಹೋದ ಸಾಲು: "ಆನ್ 28 ಜನವರಿ ಐ ಟೋಲ್ಡ್ ಯುವರ್ ಏಜೆಂಟ್ ಬೈ ಫೋನ್ ದಟ್ ಆನ್ 20 ಫೆಬ್ರವರಿ ದಿ ಲಾಟ್ ವುಡ್ ಬಿ ರೆಡಿ ಫಾರ್ ಲಿಫ್ಟಿಂಗ್." ಎರಡು ತಾರೀಕು, ಬೇಲಿಯ ಈಚೆ ಒಂದು, ಆಚೆ ಒಂದು. ಹುಡುಗ ಟೈಪ್ ಮಾಡ್ತಿದ್ದಂಗೆ ಗ್ರಾಮರ್ ತೋರಿಸೋ ಸಾಫ್ಟ್‌ವೇರ್ ದಟ್ ಕೆಳಗೆ ಗೀಟು ಎಳೆದು ಇದನ್ನ ತೆಗೀಬಹುದು ಅಂತ ಸಲಹೆ ಕೊಡ್ತು. ಅವನ ಬೆರಳು ಆಗ್ಲೇ ಆ ಕಡೆ ಹೋಗಿತ್ತು, ನಾನು ಕೈ ಹಿಡ್ಕೊಂಡೆ.

ಅದೇ ಅಗ್ರಿಮೆಂಟಲ್ಲಿ "ದಟ್ ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಶಲ್ ದಿ ಗ್ರೋವರ್" (ಯಾವ ಪರಿಸ್ಥಿತಿಯಲ್ಲೂ ಬೆಳೆಗಾರರು ಹೀಗೆ ಮಾಡ್ಬಾರ್ದು) ಅಂತ ಶುರುವಾಗೋ ಒಂದು ಷರತ್ತಿತ್ತು, ಹುಡುಗ ಅದನ್ನ ಪ್ರಶ್ನೆ ಅಂದ್ಕೊಂಡಿದ್ದ, ಶಲ್ ಮುಂದಕ್ಕೆ ಬಂದಿದೆಯಲ್ಲ ಅಂತ. ಫ್ರೇಸಲ್ಲಿ "ನೋ" ತರದ ನಿಷೇಧ ಇದ್ದು ಅದು ಮುಂದಕ್ಕೆ ಬಂದ್ರೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂಚೆ ಬರುತ್ತೆ, ದಟ್ ಒಳಗಡೆನೂ ಹಾಗೇ. ಆನ್ 20 ಫೆಬ್ರವರಿಗೆ ಹಾಗಾಗಲ್ಲ.

ಮೇಲ್ ಕಳಿಸೋ ಮುಂಚೆ ಏಜೆಂಟ್‌ಗೆ ಫೋನ್ ಮಾಡಿ ಅಂತ ನಾನು ಭಾವನಿಗೆ ಹೇಳಿದ್ದೆ, ಬೈಯೋಕಲ್ಲ, ಕೇಳೋಕೆ. ಭಾವ ಒಪ್ಲಿಲ್ಲ, ಅವರ ಮನೆಯಲ್ಲಿ ಅಕ್ಕ ಹೇಳಿದ ಮೇಲೆ ಮಾಡಿದ್ರು. ಏಜೆಂಟ್ ಅವರ ತಾಯಿ ಮಂಗಳೂರಲ್ಲಿ ಆಸ್ಪತ್ರೆಯಲ್ಲಿದ್ರಂತೆ, ಅದಕ್ಕೇ ಫೋನಿಗೆ ಸಿಕ್ಕಿರ್ಲಿಲ್ಲ, ಲಾರೀನೂ ಅದಕ್ಕೇ ನಿಂತಿತ್ತು. "ಸಾರ್, ನೀವು 20ಕ್ಕೆ ಫೋನ್ ಮಾಡಿದ್ರಾ ಅಂತ ಕೇಳಿದ್ರು, ಇಲ್ಲ ಅಂದೆ. 28ನೇ ತಾರೀಕು ಮಾಡಿದ್ರಾ ಅಂತ ಕೇಳಿದ್ರೆ ಹೌದು ಅಂತಿದ್ದೆ. ನೀವು ಯಾಕೆ 20 ಅಂತ ಸುಳ್ಳು ಬರೆದ್ರಿ ಅಂತ ನನಗೂ ಬೇಜಾರಾಗಿತ್ತು" ಅಂದ್ರು. ಅಲ್ಲಿಗೆ ಗೊತ್ತಾಯ್ತು ನೋಡಿ, ಯಾರೂ ಸುಳ್ಳು ಹೇಳಿರ್ಲಿಲ್ಲ. ಏಜೆಂಟ್‌ಗೆ ಕೇಳಿದ ಪ್ರಶ್ನೆಗೆ ಅವರ ಉತ್ತರ ನಿಜ, ಭಾವ ಬರೆಯೋಕೆ ಹೊರಟಿದ್ದೂ ನಿಜ, ಕಂಪನಿಯವರು ಓದಿದ್ದೂ ಸರಿ. ಮೂರು ಜನ ಪ್ರಾಮಾಣಿಕರು ಸೇರಿ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂದ್ಕೊಂಡು ಮೂರು ದಿನ ನಿದ್ದೆಗೆಟ್ಟಿದ್ರು. 30,000 ರೂಪಾಯಿಗಿಂತ ನನಗೆ ಸಂಕಟ ಆಗಿದ್ದು ಇದು.

ಅವತ್ತೇ ಅವರು ಜನವರಿ 28ಕ್ಕೆ ತಾವು ಕಂಪನಿಗೆ ಕಳಿಸಿದ್ದ ಮೆಸೇಜನ್ನ ಹುಡುಕಿ ಭಾವನಿಗೆ ಕಳಿಸಿದ್ರು: "ಗ್ರೋವರ್ ಸೇಸ್ ದಟ್ ಬೈ 20 ಫೆಬ್ರವರಿ ದಿ ಲಾಟ್ ವಿಲ್ ಬಿ ರೆಡಿ." ದಟ್ ಆಮೇಲೆ ತಾರೀಕು, ಇರಬೇಕಾದ ಜಾಗದಲ್ಲೇ. ನಾನು ಅದನ್ನ ಎರಡು ಮೂರು ಸಲ ಓದಿದೆ. ಅವರು ವ್ಯಾಕರಣ ನೋಡಿ ಬರೆದಿದ್ರೋ ಕೈಗೆ ಬಂದಂಗೆ ಬರೆದಿದ್ರೋ, ಆ ಮೆಸೇಜನ್ನ ಬೇರೆ ತರ ಓದೋಕೆ ಯಾರಿಗೂ ಸಾಧ್ಯ ಇರ್ಲಿಲ್ಲ. ನಮ್ಮ ಮೇಲ್ ಜೊತೆ ಅದನ್ನೂ ಸೇರಿಸಿ ಕಳಿಸಿದ್ವಿ, ಮಾರ್ಚ್ 5 ರಾತ್ರಿ.

ಮಾರನೇ ದಿನ ಉತ್ತರ. ಈಗ ಅರ್ಥ ಆಯ್ತು, ನೋಟಿಸ್ ಸರಿಯಾಗೇ ಬಂದಿದೆ, ಪ್ರೀಮಿಯಂ ಇರುತ್ತೆ, ತಡಕ್ಕೆ ಕ್ಷಮೆ ಇರ್ಲಿ ಅಂತ. ಲಾರಿ ಮಾರ್ಚ್ 9ಕ್ಕೆ ಬಂತು. ನಾನೂ ಭಾನುವಾರ ಅಂತ ಹೋಗಿದ್ದೆ, ಏಜೆಂಟ್ ಬಂದು ಒಂದು ಚೀಲದಿಂದ ಹಿಡಿಯಷ್ಟು ತೆಗೆದು, ಪಾರ್ಚ್‌ಮೆಂಟ್ ಸಿಪ್ಪೆ ಉಜ್ಜಿ, ಒಳಗಿನ ಬೀಜ ಹಲ್ಲಲ್ಲಿ ಕಚ್ಚಿ ನೋಡಿ ಆಮೇಲೆ ತೇವಾಂಶದ ಮೀಟರಿಗೆ ಹಾಕಿದ್ರು, 10.2 ತೋರಿಸ್ತು. ಪರವಾಗಿಲ್ಲ ಅಂದ್ರು. ಭಾವ ಅವರ ತಾಯಿ ಹೇಗಿದ್ದಾರೆ ಅಂತ ಕೇಳಿದ್ರು. ಚೀಲ ಎತ್ತೋವರೆಗೆ ಇಬ್ರೂ ಕಣದ ಕಟ್ಟೆ ಮೇಲೆ ಕೂತು ಕಾಫಿ ಕುಡಿದ್ರು, ಮೇಲ್ ವಿಷಯ ಇಬ್ರೂ ಎತ್ಲಿಲ್ಲ.

ಈಗ ಕ್ಲಾಸಲ್ಲಿ ಇನ್‌ಡೈರೆಕ್ಟ್ ಸ್ಪೀಚ್ ಬಂದಾಗ ಭಾವನ ಆ ಮೊದಲ ಸಾಲನ್ನೇ ಬೋರ್ಡ್ ಮೇಲೆ ಬರೀತೀನಿ, ಅವರನ್ನ ಕೇಳಿಯೇ. ಫೋನ್ ಬಂದಿದ್ದು ಯಾವತ್ತು ಅಂತ ಮಕ್ಕಳನ್ನ ಕೇಳ್ತೀನಿ, ಅರ್ಧ ಕ್ಲಾಸ್ 20 ಅನ್ನುತ್ತೆ, ಉಳಿದ ಅರ್ಧ ಗೊತ್ತಿಲ್ಲ ಅನ್ನುತ್ತೆ, ಆಮೇಲೆ ದಟ್ ಕೊಟ್ಟು ಎಲ್ಲಿಡ್ತೀರಿ ಇಡಿ ಅಂತೀನಿ. ಭಾವ ಮೊನ್ನೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್) ಮೋಟಾರಿನ ಗ್ಯಾರಂಟಿ ವಿಷಯಕ್ಕೆ ಕೊಯಮತ್ತೂರಿಗೆ ಮೇಲ್ ಬರೀತಾ ಫೋನ್ ಮಾಡಿದ್ರು. "ನಿಮ್ಮ ಮೆಕ್ಯಾನಿಕ್ ಜೂನ್ 12ಕ್ಕೆ ಬರ್ತೀನಿ ಅಂದಿದ್ರು ಅಂತ ಬರೀತಿದೀನಿ, ಜೂನ್ 12ಕ್ಕಿಂತ ಮುಂಚೆ ದಟ್ ಹಾಕಿದೀನಿ, ಸರಿ ಅಲ್ವೇನೆ?" ಅಂದ್ರು. ಸರಿ ಭಾವ ಅಂದೆ. ಅವರು ಹೇಳಿದ್ದು ಯಾವತ್ತು ಅಂತಾನೂ ಬರೀರಿ, ಅದನ್ನ ದಟ್‌ಗಿಂತ ಮುಂಚೆ ಹಾಕಿ ಅಂದೆ.